ಎಳ್ಳಮಾಸಿ ದಿನ ಬಂದ್ ಮಾಡಿದ ಯಂತ್ರ

ನೆಟ್‌ವರ್ಕ್ ಎಂದರೇನು ಎಂದು ನೆಟ್‌ವರ್ಕೇ ಇಲ್ಲದ ಕೋಣೆಯಲ್ಲಿ ನಿಂತು ಪಾಠ ಹೇಳಬೇಕಾದವರಿಗೆ ಬರುವ ಸಿಟ್ಟು ಬೇರೆ ಯಾವ ಕಸುಬಿನವರಿಗೂ ಬರಲಿಕ್ಕಿಲ್ಲ. ಗೋಡೆಯ ಮೇಲೆ ಬೆಂಗಳೂರಿನಿಂದ ಬಂದ ಸ್ಲೈಡು ಹೊಳೆಯುತ್ತಿರುತ್ತದೆ: ಕಣ್ಣು ಮಿಟುಕಿಸುವಷ್ಟರಲ್ಲಿ ಮಾಹಿತಿ ಜಗತ್ತಿನ ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟುತ್ತದಂತೆ. ಕೆಳಗೆ ನನ್ನ ಲ್ಯಾಪ್‌ಟಾಪಿನಲ್ಲಿ ಸಣ್ಣದೊಂದು ಚಕ್ರ ತಿರುಗುತ್ತಲೇ ಇರುತ್ತದೆ. ಕಲಿಯಲು ಬಂದವರು ನನ್ನ ಮುಖ ನೋಡುತ್ತಾರೆ, ನಾನು ರೂಟರಿನ ಮುಖ ನೋಡುತ್ತೇನೆ. ಅದರ ದೀಪ ಒಮ್ಮೆ ಹಸಿರಾಗಿ ಮತ್ತೆ ಕೆಂಪಾಗುತ್ತದೆ.

ನಾನು ಬೀದರಿನವಳು. ಬೆಂಗಳೂರಿನ ಒಂದು ತರಬೇತಿ ಕಂಪನಿಯ ಪರವಾಗಿ ಹೊಸಬರಿಗೆ ಕ್ಲೌಡ್, ಸ್ಟೋರೇಜು, ನೆಟ್‌ವರ್ಕಿನ ಮೊದಲ ಪಾಠ ಹೇಳುವುದು ನನ್ನ ಕೆಲಸ. ವಾರದ ಮೊದಲರ್ಧ ಭಾಲ್ಕಿ, ಉಳಿದರ್ಧ ಔರಾದ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಎದುರು ಒಂದು ಪ್ಲೇಟು ಮಂಡಕ್ಕಿ ಸುಸಲಾ ತಿಂದು ಬಸ್ಸು ಹತ್ತಿದರೆ ಸಂಜೆ ಸೊಂಟ ಹಿಡಿದುಕೊಂಡು ಇಳಿಯುವುದು. ಸ್ಲೈಡುಗಳನ್ನು ಬೆಂಗಳೂರಿನಲ್ಲಿ ಯಾರೋ ಮಾಡಿ ಕಳಿಸುತ್ತಾರೆ. ಅವರ ಪಾಲಿಗೆ ಬೀದರ ಎಂದರೆ ಭೂಪಟದ ನೆತ್ತಿಯ ಮೇಲಿನ ಒಂದು ಚುಕ್ಕೆ. ಉದಾಹರಣೆಗಳೆಲ್ಲ ಮೆಟ್ರೊ, ಮಾಲ್, ಅಪಾರ್ಟ್‌ಮೆಂಟು. ಬೇರೆ ಹಾಕಿ ಕೊಡಿ ಎಂದು ನಾನು ಬರೆದೆ, ಫೋನು ಮಾಡಿದೆ, ಬೇಡಿಕೊಂಡೆ. ಮುಂದಿನ ಸಲ ಬಂದ ಸ್ಲೈಡಿನಲ್ಲಿ ವಿಮಾನ ನಿಲ್ದಾಣವೂ ಸೇರಿತ್ತು.

ಭಾಲ್ಕಿಯಲ್ಲಿ ಫೈರ್‌ವಾಲ್ ಪಾಠ ಮಾಡಿದ ದಿನ ನೆನಪಿದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವ ಕಾವಲು ಅದು. ಸ್ಲೈಡಿನಲ್ಲಿ ಅಪಾರ್ಟ್‌ಮೆಂಟಿನ ಗೇಟು, ಟೋಪಿ ಹಾಕಿದ ಸೆಕ್ಯೂರಿಟಿಯವನು. ಹಲಬರ್ಗಾದಿಂದ ಬರುತ್ತಿದ್ದ ಕಿರಾಣಿ ಅಂಗಡಿಯವರೊಬ್ಬರು ಕೈ ಎತ್ತಿದರು.

“ಮೇಡಂ, ಮನಿಗಿ ಬಂದವ್ರಿಗಿ ಯಾರು, ಯಾಕ ಬಂದೀರಿ ಅಂತ ಗೇಟಿನ್ಯಾಗೇ ಕೇಳ್ತಾರೇನ್ರಿ?”

“ಹೌದ್ರಿ, ಕೇಳ್ತಾರ.”

“ನೀರು ಕೊಡೋಕಿಂತ ಮೊದಲಾ?”

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ವಾರ ಅಭ್ಯಾಸದಲ್ಲಿ ಅವರೆಲ್ಲರೂ ತಮ್ಮ ತಮ್ಮ ಫೈರ್‌ವಾಲನ್ನು ಜಗತ್ತಿಗೇ ತೆರೆದಿಟ್ಟಿದ್ದರು. ಕೂತು ಒಬ್ಬೊಬ್ಬರದನ್ನೂ ಮುಚ್ಚಿಸುವಷ್ಟರಲ್ಲಿ ನನ್ನ ಕೊನೆಯ ಬಸ್ಸು ತಪ್ಪುವುದರಲ್ಲಿತ್ತು.

ಇನ್ನು ಸ್ಲೈಡನ್ನು ನಂಬಿದರೆ ಕೆಟ್ಟೆ ಎಂದುಕೊಂಡು ನನ್ನದೇ ಮಾತಿನಲ್ಲಿ ಹೇಳತೊಡಗಿದೆ. ಕ್ಲೌಡ್ ಎಂದರೆ ಮೇಲೆ ಏನೂ ಇಲ್ಲ, ಎಲ್ಲ ನೆಲದ ಮೇಲೆಯೇ ಇದೆ. ಎಲ್ಲಿಯೋ ದೊಡ್ಡ ಗೋದಾಮು, ಅದರ ತುಂಬ ಸಾಲು ಸಾಲು ಕಂಪ್ಯೂಟರು. ಅದರಲ್ಲೊಂದು ಪಾಲನ್ನು ಇಲ್ಲಿ ಕೂತು ನಾವು ಬಾಡಿಗೆಗೆ ಹಿಡಿಯುತ್ತೇವೆ. ನಮಗೆ ಬೇಕಾದದ್ದು ಮೂರೇ: ಕೆಲಸ ಮಾಡಲು ಯಂತ್ರ, ಸಾಮಾನು ಇಡಲು ಜಾಗ, ಹೋಗಿ ಬರಲು ದಾರಿ. ಜಾಗ ಎಂದರೆ ಸ್ಟೋರೇಜು, ದಾರಿ ಎಂದರೆ ನೆಟ್‌ವರ್ಕು. ಯಂತ್ರ ಕಣ್ಣಿಗೆ ಕಾಣುವುದಿಲ್ಲ, ಆದರೆ ಚಾಲೂ ಮಾಡಿದರೆ ಓಡುತ್ತದೆ, ಬಂದ್ ಮಾಡಿದರೆ ನಿಲ್ಲುತ್ತದೆ. ಇಷ್ಟು ತಲೆಗೆ ಹೋದರೆ ಉಳಿದದ್ದು ತಾನೇ ಬರುತ್ತದೆ ಎಂದು ಧೈರ್ಯ ಹೇಳುತ್ತಿದ್ದೆ.

ಔರಾದ ತರಗತಿಯಲ್ಲಿ ಇದು ಎಲ್ಲರಿಗಿಂತ ಮೊದಲು ತಲೆಗೆ ಹೋದದ್ದು ಡಾಬಕಾದಿಂದ ಬರುತ್ತಿದ್ದ ಒಬ್ಬ ಸೊಸೆಗೆ. ಕುರಿ ಸಾಕುವ, ಮಳೆ ನೆಚ್ಚಿದ ಹೊಲದ ಮನೆ. ಬಿ.ಕಾಂ. ಮುಗಿಸಿ ಮದುವೆಯಾಗಿ ಬಂದವಳು, ಇಬ್ಬರು ಮಕ್ಕಳ ತಾಯಿ. ಗಂಡ ಕುರಿಗಳ ಹಿಂದೆ ವರ್ಷದ ಬಹುಪಾಲು ಊರಾಚೆ ಇರುತ್ತಿದ್ದ. ಮನೆಯಲ್ಲಿ ಹೋಗು ಎನ್ನುವವರೂ ಬೇಡ ಎನ್ನುವವರೂ ಅತ್ತೆಯೇ. ಮುಂಜಾನೆ ರೊಟ್ಟಿ ಬಡಿದಿಟ್ಟು ಟಂಟಂ ಆಟೊ ಹಿಡಿದು ಔರಾದಕ್ಕೆ ಬರುತ್ತಿದ್ದಳು. ಕೈಗೆ ಜೋಳದ ಹಿಟ್ಟು ಅಂಟಿಕೊಂಡೇ ಇರುತ್ತಿತ್ತು. ಕೀಬೋರ್ಡಿಗೆ ಕೈ ಹಚ್ಚುವ ಮೊದಲು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಸ್ಲೈಡು ನಂಬಿ ಪಾಠ ಹೇಳುತ್ತಿದ್ದ ದಿನಗಳ ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದಾಗಲೂ ಬರುವುದು ಬಿಟ್ಟಿರಲಿಲ್ಲ.

ಔರಾದ ಕೇಂದ್ರದಲ್ಲಿ ಲ್ಯಾಬ್ ನೋಡಿಕೊಳ್ಳುವ ಒಂದು ಕೆಲಸ ಖಾಲಿ ಇತ್ತು. ನಮ್ಮ ಕೋರ್ಸಿನ ಸರ್ಟಿಫಿಕೇಟು ಇರುವ, ಅದೇ ತಾಲೂಕಿನ ಹೆಣ್ಣುಮಗಳಿಗೆ ಕೊಡುತ್ತೇವೆ ಎಂದು ಕಂಪನಿ ಹೇಳಿತ್ತು. ಅವಳು ಅದರ ಮೇಲೆ ಕಣ್ಣಿಟ್ಟಿದ್ದಳು, ಮುಚ್ಚಿಡಲೂ ಇಲ್ಲ.

“ಮೇಡಂ, ಆ ಕೆಲಸ ನನಗಾ ಸಿಗಬೇಕ್ರಿ,” ಎಂದಳು ಒಂದು ದಿನ ಊಟದ ಹೊತ್ತಿನಲ್ಲಿ. “ಮಂದಿ ಕೈಯಾಗ ಕಲ್ಲಾ ಮಣ್ಣಾ ಹೊತ್ತು ಸಾಕಾಗ್ಯದ. ನಮ್ಮ ಅತ್ತಿ ಪರೀಕ್ಷಾ ಮುಗಿಯೂಮಟ ಹೋಗು ಅಂದಾರ್ರಿ. ಪಾಸ್ ಆದ್ರ ಮುಂದ ಕೆಲ್ಸಕ್ಕೂ ಕಳಸ್ತಾರ. ಅವ್ರು ಬ್ಯಾಡ ಅಂದ್ರ ಇಷ್ಟಕ್ಕಾ ಮುಗೀತ್ರಿ.”

“ಆಗ್ತಿ, ಯಾಕ ಆಗಂಗಿಲ್ಲ?” ಎಂದೆ. ಅಷ್ಟು ಖಾತ್ರಿಯಾಗಿ ನಾನು ಯಾರಿಗೂ ಹೇಳಿದವಳಲ್ಲ.

ಕೊನೆಯ ಪರೀಕ್ಷೆ ಪ್ರಾಯೋಗಿಕ. ಕ್ಲೌಡಿನಲ್ಲಿ ಒಂದು ಯಂತ್ರ ಹಿಡಿದು, ಅದರಲ್ಲಿ ಒಂದು ಪುಟ ಇಟ್ಟು, ಆ ಪುಟದ ವಿಳಾಸವನ್ನು ಬೆಂಗಳೂರಿಗೆ ಕಳಿಸಬೇಕು. ಗೊತ್ತುಪಡಿಸಿದ ದಿನ ಪರೀಕ್ಷಕರು ಅಲ್ಲಿಂದ ಆ ವಿಳಾಸ ತೆರೆದು ನೋಡುತ್ತಾರೆ. ಪುಟ ಕಂಡರೆ ಅಂಕ. ಪುಟದಲ್ಲಿ ಏನಾದರೂ ಇರಬಹುದು. ಬಹಳ ಜನ ಹೂವಿನ ಚಿತ್ರ ಹಾಕಿ ‘ವೆಲ್‌ಕಮ್’ ಎಂದು ಬರೆದರು. ಇವಳು ತನ್ನ ಅತ್ತೆ ಎಳ್ಳಮಾಸಿಗೆ ಮಾಡುವ ಭಜ್ಜಿಯ ಬಗ್ಗೆ ಬರೆದಳು. ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವ ಕಾಳು-ಸೊಪ್ಪಿನ ಪಲ್ಯ. ಅವರೆಕಾಳು, ಹಸಿಕಡಲೆ, ತೊಗರಿಕಾಳು, ಮೆಂತ್ಯೆಸೊಪ್ಪು, ಹುಣಸೆ, ಕಡಲೆಹಿಟ್ಟು, ಯಾವುದರ ಮೇಲೆ ಯಾವುದು ಬೀಳಬೇಕು ಎಂಬುದೆಲ್ಲ ಇತ್ತು. ಜೊತೆಗೆ ದೊಡ್ಡ ಪಾತ್ರೆಯ ಒಂದು ಫೋಟೊ. ಓದಿದ ನನಗೆ ಹಸಿವಾಯಿತು.

“ಅತ್ತಿಗಿ ಫೋನಿನ್ಯಾಗ ತೋರ್ಸೀನ್ರಿ,” ಎಂದು ಹೇಳಿದಳು. “ನನ್ನ ಕೈಯಾಗಿನ ಭಜ್ಜಿ ಬೆಂಗಳೂರಾಗ ಕಾಣ್ತದೇನ್ ಅಂತ ಕೇಳಿದ್ರು. ಅಮೇರಿಕಾದಾಗೂ ಕಾಣ್ತದ ಅಂದೆ. ನಂಬಲಿಲ್ರಿ. ಆದ್ರ ಓಣ್ಯಾಗ ಎಲ್ಲಾರಿಗಿ ಹೇಳ್ಯಾರ.”

ಇಷ್ಟೆಲ್ಲ ಸರಿಯಾಗಿದ್ದಾಗ ಬೆಂಗಳೂರಿನವರು ಪರೀಕ್ಷೆಯ ದಿನ ತಿಳಿಸಿದರು: ಎಳ್ಳಮಾಸಿಯ ಮರುದಿನ. ನನಗೆ ಪಿತ್ತ ನೆತ್ತಿಗೇರಿತು. ಎಳ್ಳಮಾಸಿ ಎಂದರೆ ನಮ್ಮ ಜಿಲ್ಲೆಯಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಕ್ಕೆ ಹೋಗುವ ದಿನ. ಬೀದರ ಪೇಟೆಯಲ್ಲಿ ಅಂದು ಒಂದು ಕಪ್ಪು ಚಹಾ ಹುಟ್ಟುವುದಿಲ್ಲ. ಹೊಲ ಇಲ್ಲದವರನ್ನು ಇದ್ದವರು ಕರೆದುಕೊಂಡು ಹೋಗುತ್ತಾರೆ. ಹಿಂದಿನ ವಾರವೆಲ್ಲ ಹೆಂಗಸರಿಗೆ ಸಜ್ಜೆರೊಟ್ಟಿ ಬಡಿಯುವುದೇ ಕೆಲಸ, ಮರುದಿನ ಪಾತ್ರೆ ತಿಕ್ಕುವುದು. ಪರೀಕ್ಷೆಯನ್ನು ನಾಲ್ಕು ದಿನ ಮುಂದೆ ಹಾಕಿ ಎಂದು ಕೇಳಿದೆ. ‘ನಮ್ಮ ಕ್ಯಾಲೆಂಡರಿನಲ್ಲಿ ಅಂಥ ರಜೆ ಇಲ್ಲ’ ಎಂದು ಉತ್ತರ ಬಂತು.

ಸರಿ, ಹಣೆಬರಹ ಎಂದುಕೊಂಡು ಎರಡೂ ಊರಿನ ತರಗತಿಗೆ ಒಂದೇ ಮಾತು ಹೇಳಿದೆ: ಅಮಾಸಿ ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಮ್ಮ ಯಂತ್ರ ಚಾಲೂ ಇರಬೇಕು, ಪುಟ ಕಾಣಬೇಕು. ಎಲ್ಲರೂ ಹೂಂ ಎಂದರು.

ಅಮಾಸಿಯ ದಿನ ನಾನು ಕಮಠಾಣದ ಹತ್ತಿರ ನಮ್ಮ ಸಂಬಂಧಿಕರ ಹೊಲದಲ್ಲಿದ್ದೆ. ಜೋಳದ ನಡುವೆ ಜಮಖಾನೆ ಹಾಸಿ ಕೂತು ಉಂಡದ್ದು, ಮೇಲಿಂದ ಅಂಬಲಿ ಕುಡಿದದ್ದು ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಹೊಲದಲ್ಲಿದ್ದ ಪ್ರತಿಯೊಬ್ಬರೂ ಒಂದೇ ಹೊತ್ತಿಗೆ ಭಜ್ಜಿಯ ಫೋಟೊ ಕಳಿಸುತ್ತಿದ್ದರಿಂದ ಟವರು ಸತ್ತು ಬಿದ್ದಿತ್ತು. ಬೇರೆ ದಿನವಾಗಿದ್ದರೆ ಇದನ್ನೇ ಬ್ಯಾಂಡ್‌ವಿಡ್ತಿನ ಪಾಠಕ್ಕೆ ಉದಾಹರಣೆಯಾಗಿ ಹಿಡಿಯುತ್ತಿದ್ದೆ. ಅಂದು ಮಾತ್ರ ಫೋನನ್ನು ಎತ್ತಿ ಹಿಡಿದು ಬದುವಿನ ಮೇಲೆ ಅಲೆದೆ. ಯಾರ ಯಂತ್ರ ಹೇಗಿದೆ ಎಂದು ನೋಡೋಣವೆಂದರೆ ಒಂದೂ ತೆರೆಯಲಿಲ್ಲ. ಮರುದಿನ ನೋಡಿದರಾಯಿತು ಎಂದು ಸುಮ್ಮನಾದೆ. ಮರುದಿನ ಬೆಳಿಗ್ಗೆ ಡಾಬಕಾದ ಸೊಸೆಯದೇ ಮೊದಲ ಸಂದೇಶ ಬಂದಿತ್ತು: ‘ಮೇಡಂ, ನನ್ನ ಯಂತ್ರ ಚಾಲೂ ಅದ. ಭಜ್ಜಿ ಕಾಣ್ಲತದ.’ ಅವಳ ಚಿಂತೆ ಬಿಟ್ಟು ಉಳಿದವರ ಬೆನ್ನು ಹತ್ತಿದೆ.

ಫಲಿತಾಂಶ ಬಂದಾಗ ನಾನು ಔರಾದ ಬಸ್ಸಿನಲ್ಲಿದ್ದೆ. ‘ವೆಲ್‌ಕಮ್’ ಎಂದು ಬರೆದವರೆಲ್ಲ ಪಾಸು. ಅವಳ ಹೆಸರಿನ ಮುಂದೆ ಪ್ರಾಯೋಗಿಕದಲ್ಲಿ ಸೊನ್ನೆ. ‘ಪುಟ ತೆರೆಯಲಿಲ್ಲ’ ಎಂದು ಒಂದು ಸಾಲು. ನಾನು ಅಲ್ಲೇ ಕೂತು ಅವಳು ಕಳಿಸಿದ್ದ ವಿಳಾಸ ಒತ್ತಿದೆ. ನಿಜವಾಗಿಯೂ ತೆರೆಯಲಿಲ್ಲ. ಸಂತಪುರದಲ್ಲಿ ಬಸ್ಸು ನಿಂತಾಗ ಇಳಿದು ಅವಳಿಗೆ ಫೋನು ಹಚ್ಚಿದೆ. ಡಾಬಕಾ ಗಡಿಯ ಊರು. ಅವಳ ಫೋನು ಒಮ್ಮೆ ಈ ರಾಜ್ಯದ ಟವರು ಹಿಡಿದರೆ ಒಮ್ಮೆ ಆ ರಾಜ್ಯದ್ದು. ಎರಡು ಸಲ ಮರಾಠಿಯಲ್ಲಿ ಏನೋ ಹೇಳಿ ಕಟ್ಟಾಯಿತು. ಮೂರನೆಯ ಸಲ ಸಿಕ್ಕಳು.

“ನಿನ್ನ ಯಂತ್ರ ಬಂದ್ ಮಾಡೀಯೇನ್ ತಂಗಿ?”

“ಇಲ್ರಿ ಮೇಡಂ, ಚಾಲೂ ಅದ.”

“ಪೇಜ್ ತೆರಿವಲ್ದಲ್ಲ ಮತ್ತ?”

“ತೆರದದ್ರಿ. ಈಗ ನನ್ನ ಮುಂದಾ ಅದ. ಭಜ್ಜಿ ಫೋಟೋ ಕಾಣ್ಲತದ್ರಿ.”

“ನನ್ನ ಮುಂದ ಏನೂ ಕಾಣ್ಲಿಲ್ಲ!”

“ನಿಮ್ಮ ನೆಟ್‌ವರ್ಕ್ ಸರಿ ಇರ್ಲಿಕ್ಕಿಲ್ರಿ.”

ಹತ್ತು ಜನರ ಎದುರು ಬಸ್‌ಸ್ಟಾಪಿನಲ್ಲಿ ನಿಂತು ನಾನು ಕಿರುಚಿದೆ. ಅವಳೂ ಬಿಡಲಿಲ್ಲ. ಇದೆ ಎನ್ನುವವಳು ಅವಳು, ಇಲ್ಲ ಎನ್ನುವವಳು ನಾನು. ಕಡೆಗೆ ಸೋತು, ಪುಟದ ಮೇಲೆ ಕಾಣುವ ವಿಳಾಸದ ಅಂಕಿಗಳನ್ನು ಒಂದೊಂದಾಗಿ ಓದು ಎಂದೆ. ಅವಳು ಓದಿದಳು. ಮೊದಲ ತುಂಡೇ ಹೊಂದಲಿಲ್ಲ. ನಾನು ಹಣೆಗೆ ಕೈ ಹಚ್ಚಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ನಾನು ಬಂದ ಬಸ್ಸು ಹೋಗಿಬಿಟ್ಟಿತು.

ಕ್ಲೌಡಿನಲ್ಲಿ ಹಿಡಿದ ಯಂತ್ರ ಲಾಡ್ಜಿನ ಖೋಲಿ ಇದ್ದ ಹಾಗೆ. ಇರುವಷ್ಟು ದಿನ ಖೋಲಿಯ ನಂಬರು ನಿಮ್ಮದು. ಖಾಲಿ ಮಾಡಿ ಬೀಗದಕೈ ಕೊಟ್ಟು ಹೋದರೆ, ಮತ್ತೆ ಬಂದಾಗ ಬೇರೆ ಖೋಲಿ ಕೊಡುತ್ತಾರೆ. ಯಂತ್ರ ಬಂದ್ ಮಾಡಿದರೆ ಅದರೊಳಗೆ ಇಟ್ಟ ಸಾಮಾನು ಎಲ್ಲಿಯೂ ಹೋಗುವುದಿಲ್ಲ, ಅದು ಡಿಸ್ಕಿನಲ್ಲಿ ಭದ್ರ. ಹೋಗುವುದು ವಿಳಾಸ. ಮತ್ತೆ ಚಾಲೂ ಮಾಡಿದಾಗ ಹೊಸ ವಿಳಾಸ ಹತ್ತಿಕೊಳ್ಳುತ್ತದೆ. ವಿಳಾಸವನ್ನು ಕಾಯಂ ಮಾಡಿಕೊಳ್ಳುವ ದಾರಿ ಇದೆ, ಆದರೆ ಅದು ಮುಂದಿನ ಕೋರ್ಸಿನ ಪಾಠ. ಇವಳು ನಡುವೆ ಯಾವಾಗಲೋ ಯಂತ್ರವನ್ನು ಬಂದ್ ಮಾಡಿ ಚಾಲೂ ಮಾಡಿದ್ದಾಳೆ. ತಾನು ನೋಡುವಾಗ ಹೊಸ ವಿಳಾಸದಲ್ಲಿ ನೋಡಿದ್ದಾಳೆ. ಬೆಂಗಳೂರಿನವರು ಹಳೆಯ ಬಾಗಿಲು ಬಡಿದು ಹೋಗಿದ್ದಾರೆ.

“ಯಾವಾಗ ಬಂದ್ ಮಾಡಿದ್ದಿ? ಖರೇ ಹೇಳು.”

“ಎಳ್ಳಮಾಸಿ ಮುಂಜಾನಿ ಎಲ್ಲಾರೂ ಹೊಲಕ್ಕ ಹೊಂಟಿದ್ದೆವ್ರಿ. ಮನಿಯಾಗ ಯಾರೂ ಇರಲಿಲ್ಲ. ಅತ್ತಿ ಒಲಿಗಿ ನೀರ್ ಹಾಕಿದ್ರು, ದೀಪ ಶಾಂತ ಮಾಡಿದ್ರು, ಮೇನ್ ಬಂದ್ ಮಾಡಿದ್ರು. ಎಲ್ಲಾ ಬಂದ್ ಮಾಡೀಯೇನ್ ಅಂತ ನನಗ ಕೇಳಿದ್ರು. ಆಗ ನನ್ನ ಯಂತ್ರ ನೆನಪಾತ್ರಿ. ಮನಿ ಬಿಟ್ಟು ಹೋಗುವಾಗ ಏನೂ ಚಾಲೂ ಬಿಡಬಾರ್ದ್ರಿ ನಮ್ಮಲ್ಲಿ. ಮಾಳಗಿ ಹತ್ತಿ ಫೋನಿನ್ಯಾಗ ನೆಟ್‌ವರ್ಕ್ ಹಿಡದು ಬಂದ್ ಮಾಡಿ ಬಂದೆ. ಸಂಜಿಕ ಬಂದ ಕೂಡಲೇ ಚಾಲೂ ಮಾಡೀನ್ರಿ. ನೀವು ಮರುದಿನ ಚಾಲೂ ಇರಬೇಕು ಅಂದಿದ್ರಿ, ಇತ್ತಲ್ರಿ?”

ಇತ್ತು. ನಾನು ಹೇಳಿದ್ದನ್ನು ಅವಳು ಅಕ್ಷರಶಃ ಮಾಡಿದ್ದಳು. ಅಷ್ಟೇ ಅಲ್ಲ, ಕಂಪನಿಯ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ: ಬಳಸದ ಯಂತ್ರವನ್ನು ನಿಲ್ಲಿಸಿ, ವೃಥಾ ಓಡಿಸಬೇಡಿ. ಇಡೀ ಬ್ಯಾಚಿನಲ್ಲಿ ಆ ಮಾತು ಪಾಲಿಸಿದವಳು ಇವಳೊಬ್ಬಳೇ. ‘ವೆಲ್‌ಕಮ್’ನವರು ಯಾರೂ ತಮ್ಮ ಯಂತ್ರ ನಿಲ್ಲಿಸಿರಲಿಲ್ಲ. ಪರೀಕ್ಷೆ ಮುಗಿದು ವಾರವಾದರೂ ಅವು ಓಡುತ್ತಲೇ ಇದ್ದವು. ಅವರಿಗೆ ಪೂರ್ತಿ ಅಂಕ, ಇವಳಿಗೆ ಸೊನ್ನೆ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂದು ತಿಳಿಯದೆ ನನಗೆ ಕಣ್ಣಲ್ಲಿ ನೀರು ಬಂತು.

ಬೆಂಗಳೂರಿನ ಪರೀಕ್ಷಕರಿಗೆ ಫೋನು ಮಾಡಿದೆ. ಎಳೆಯ ದನಿ, ಬಹಳ ವಿನಯ. ವಿನಯ ಹೆಚ್ಚಾದಷ್ಟೂ ಕೆಲಸ ಆಗುವುದಿಲ್ಲ ಎಂಬುದು ನನ್ನ ಅನುಭವ.

“ಮೇಡಂ, ನಾವು ಟ್ರೈ ಮಾಡ್ದಾಗ ಪೇಜ್ ಓಪನ್ ಆಗ್ಲಿಲ್ಲ. ನಾನೇನ್ ಮಾಡ್ಲಿ ಹೇಳಿ?”

“ಹೊಸ ವಿಳಾಸ ಕೊಡ್ತೇನಿ, ಈಗ ತೆರದು ನೋಡ್ರಿ. ಪೇಜ್ ಅದ, ಫೋಟೋ ಅದ, ಎಲ್ಲಾ ಅದ.”

“ಅಯ್ಯೋ, ಡೇಟ್ ಮುಗ್ದಿದೆ ಮೇಡಂ. ಪೋರ್ಟಲ್ ತಗೊಳ್ಳಲ್ಲ. ಅವ್ರು ಯಾಕೆ ಮೆಷಿನ್ ಆಫ್ ಮಾಡಿದ್ರು?”

“ಮನಿಗಿ ಬೀಗಾ ಹಾಕಿ ಹೊಲಕ್ಕ ಹೋಗಿದ್ರು.”

“ಆದ್ರೆ ಮೆಷಿನ್ ಮನೇಲಿ ಇಲ್ವಲ್ಲ ಮೇಡಂ, ಕ್ಲೌಡಲ್ಲಿದೆ!”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಜೊತೆ ಏನು ವಾದ? ಆದರೂ ಬಿಡಲಿಲ್ಲ. ಅವರ ಮೇಲಿನವರಿಗೆ ಮಾಡಿದೆ, ಅವರ ಮೇಲಿನವರಿಗೂ ಮಾಡಿದೆ. ಬೀದರಿನ ನಮ್ಮ ಮನೆಯಲ್ಲಿ ಒಲೆಯ ಮುಂದೆ ನಿಂತು ಒಂದು ಕೈಯಲ್ಲಿ ಫೋನು ಹಿಡಿದು ಕೂಗಾಡುವಾಗ ಎಷ್ಟು ಸಲ ಹಾಲು ಉಕ್ಕಿಸಿದೆನೋ ಲೆಕ್ಕವಿಲ್ಲ. ನಿಮ್ಮ ಸ್ಲೈಡನ್ನು ನೀವೇ ಓದಿದ್ದೀರಾ ಎಂದು ಕೇಳಿದೆ. ಅವಳನ್ನು ಫೇಲು ಮಾಡಿದರೆ ಈ ಪಾಠ ಇನ್ನು ನಾನು ಹೇಳುವುದಿಲ್ಲ ಎಂದೂ ಹೇಳಿದೆ. ಕಡೆಗೆ ಅವರೂ ಬೇಸತ್ತಿರಬೇಕು. ಅಂಕ ಕೊಡಲಾಗದು, ಆದರೆ ಯುಗಾದಿಯ ನಂತರದ ಬ್ಯಾಚಿನ ಜೊತೆ ಕೂತು ಪ್ರಾಯೋಗಿಕ ಮತ್ತೊಮ್ಮೆ ಮಾಡಲಿ, ಅಲ್ಲಿಯತನಕ ಲ್ಯಾಬಿನ ಕೆಲಸವನ್ನು ಯಾರಿಗೂ ಕೊಡುವುದಿಲ್ಲ ಎಂದು ಬರೆದು ಕಳಿಸಿದರು.

ಕಡಲೆಯಷ್ಟೇ ಗೆದ್ದಿದ್ದೆ, ಆದರೆ ಗೆದ್ದಿದ್ದೆ. ಫೋನಿನಲ್ಲಿ ತಿಳಿಸಿದಾಗ ಅವಳು ಮೊದಲು ಕೇಳಿದ್ದು ಒಂದೇ: “ಅತ್ತಿಗಿ ಏನ್ ಹೇಳ್ಲಿರಿ?” ಪರೀಕ್ಷೆ ಮುಗಿಯುವತನಕ ಎಂದು ಅಪ್ಪಣೆ ಕೊಟ್ಟವರು ಅತ್ತೆ. ಈಗ ಮತ್ತೆ ಯುಗಾದಿ ದಾಟಿ ಕೆಲವು ವಾರ ಔರಾದಕ್ಕೆ ಹೋಗಬೇಕು ಎಂದರೆ ಒಪ್ಪಬೇಕಲ್ಲ. ನೀನು ಏನೂ ಹೇಳಬೇಡ, ನಾನೇ ಬಂದು ಹೇಳುತ್ತೇನೆ ಎಂದೆ. ಬೆಂಗಳೂರಿನವರನ್ನೇ ಮಣಿಸಿದವಳಿಗೆ ಡಾಬಕಾದ ಒಬ್ಬ ಮುದುಕಿ ಯಾವ ಲೆಕ್ಕ ಎಂಬ ಸೊಕ್ಕೂ ಇತ್ತೆಂದು ಕಾಣುತ್ತದೆ.

ಔರಾದ ತರಗತಿ ಮುಗಿಸಿ ಟಂಟಂನಲ್ಲಿ ಕುಲುಕಾಡುತ್ತ ಹೋದೆ. ದಾರಿಯುದ್ದಕ್ಕೂ ಕಡಲೆ ಕೀಳುವ ಕೆಲಸ ನಡೆದಿತ್ತು. ಮನೆಯ ಮುಂದಿನ ಕುರಿಹಟ್ಟಿಯಲ್ಲಿ ಮರಿಗಳಷ್ಟೇ ಇದ್ದವು. ಅತ್ತೆ ಎತ್ತರದ ಆಳು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ನನ್ನ ಕೈಗೆ ನೀರಿನ ಚರಿಗೆ ಕೊಟ್ಟು, ಕಂಬಳಿ ಹಾಸಿ ಕೂಡಿಸಿ, ಚಹಾ ಬರುವತನಕ ಬೀದರ, ಬಸ್ಸು, ಬಿಸಿಲು ಎಂದು ಮಾತಾಡಿದರು. ಸೊಸೆ ಬಾಗಿಲಿನ ಮರೆಯಲ್ಲಿ ನಿಂತಿದ್ದಳು.

“ಏನಾತ್ರಿ ಅಕ್ಕೋರ, ನಮ್ಮಾಕಿ ಪರೀಕ್ಷಾ?” ಎಂದು ಕೇಳಿದರು. “ಆಕಿ ಏನೂ ಹೇಳವಲ್ಲಳು. ಉಣವಲ್ಲಳು.”

ನಾನು ಹೇಳಿದೆ. ಬಿಡಿಸಿ ಬಿಡಿಸಿ ಹೇಳಿದೆ. ನಿಮ್ಮ ಸೊಸೆಯಷ್ಟು ಶಾಣ್ಯಾಕಿ ಎರಡೂ ಊರಿನ ತರಗತಿಯಲ್ಲಿ ಇಲ್ಲ ಎಂದೆ. ದೂರದಲ್ಲಿರುವ ಒಂದು ಯಂತ್ರವನ್ನು ಅವಳು ಇಲ್ಲಿ ಕೂತು ನಡೆಸುತ್ತಿದ್ದಳು, ನಿಮ್ಮ ಭಜ್ಜಿಯ ಫೋಟೊ ಅದರಲ್ಲಿತ್ತು ಎಂದೆ. ಎಳ್ಳಮಾಸಿಯ ದಿನ ಮನೆ ಬಿಟ್ಟು ಹೋಗುವಾಗ ಅದನ್ನು ಬಂದ್ ಮಾಡಿದಳು, ಮಾಡಿದ್ದು ಬರೋಬ್ಬರಿ, ಸಂಜೆ ಚಾಲೂ ಮಾಡಿದ್ದೂ ಬರೋಬ್ಬರಿ. ಆದರೆ ಬೆಂಗಳೂರಿನವರು ಹಳೆಯ ವಿಳಾಸಕ್ಕೆ ಹೋಗಿ ಹುಡುಕಿ ಸಿಗಲಿಲ್ಲ ಎಂದು ಫೇಲು ಮಾಡಿದರು. ತಪ್ಪು ಅವಳದಲ್ಲ, ಅವರದು. ಯುಗಾದಿಯ ನಂತರ ಇನ್ನೊಮ್ಮೆ ಕೂತರೆ ಪಾಸಾಗುವುದು ಖಾತ್ರಿ, ಕೆಲಸವೂ ಕಾದಿದೆ. ಹೇಳುತ್ತ ಹೇಳುತ್ತ ನನ್ನ ಹೊಟ್ಟೆಯ ಉರಿಯೆಲ್ಲ ಹೊರಬಂತು. ಕಂಪನಿಯವರನ್ನು ಕೈಲಾದಷ್ಟು ಬೈದೆ.

ಅತ್ತೆ ಒಂದು ಮಾತೂ ನಡುವೆ ಹಾಕದೆ ಕೇಳಿದರು. ಅವರ ಮುಖ ಕೆಂಪಾಗುತ್ತಿರುವುದನ್ನು ನೋಡಿ, ನಾಟಿತು ಎಂದುಕೊಂಡೆ.

“ಮನಿ ಬಿಟ್ಟು ಹೋಗುವಾಗ ಬಂದ್ ಮಾಡಿದ್ದಕ್ಕ ನಾಪಾಸ ಮಾಡ್ಯಾರೇನ್ರಿ?”

“ಹೌದ್ ನೋಡ್ರಿ ಆಯೀ.”

“ಚಾಲೂ ಬಿಟ್ಟು ಹೋದವ್ರಿಗಿ ಪಾಸ ಮಾಡ್ಯಾರ?”

“ಹೌದ್ರಿ.”

ಅವರು ಎದ್ದು ನಿಂತರು. ಸೊಸೆಯ ಹತ್ತಿರ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟರು. “ಇದಕ್ಕೇನಬೇ ನೀ ಉಣ್ಣದ ಕುಂತಿದ್ದು? ನಾ ಏನೋ ನೀನಾ ತಪ್ಪು ಮಾಡೀದಿ ಅಂತ ತಿಳದಿದ್ದೆ.” ಆಮೇಲೆ ನನ್ನ ಕಡೆ ತಿರುಗಿದರು. “ಅಕ್ಕೋರ, ನೀವು ಭಾಳ ದೊಡ್ಡ ಮನಸ್ಸಿನವ್ರು, ಇಷ್ಟು ದೂರ ಬಂದು ಖರೇ ಹೇಳಿದ್ರಿ. ಆದ್ರ ಬರೋಬ್ಬರಿ ಮಾಡ್ದಾಕಿಗಿ ನಾಪಾಸ ಮಾಡೋ ಸಾಲಿಗಿ ನಾ ನಮ್ಮ ಹುಡುಗಿಗಿ ಕಳಸಂಗಿಲ್ರಿ. ಅಂಥವ್ರ ಕೈಕೆಳಗ ಕೆಲ್ಸಾನೂ ಬ್ಯಾಡ್ರಿ. ನಮ್ಮ ಮನಿ ಹೆಣ್ಮಗಳಿಗಿ ಅವ್ರು ಏನಂತ ತಿಳದಾರ?”

ನಾನು ಹಾಗಲ್ಲ, ಹೀಗೆ ಎಂದು ಬಹಳ ಹೊತ್ತು ಹೆಣಗಿದೆ. ಸರ್ಟಿಫಿಕೇಟು, ಕೆಲಸ, ಮುಂದಿನ ದಾರಿ ಎಲ್ಲ ಹೇಳಿದೆ. ನಾನು ಹೇಳಿದಷ್ಟೂ ಅವರು ಸೊಸೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಬೈಯುವ ಅತ್ತೆಯ ಜೊತೆ ವಾದ ಮಾಡಲು ತಯಾರಾಗಿ ಹೋದವಳಿಗೆ ಪ್ರೀತಿ ಮಾಡುವ ಅತ್ತೆಯ ಮುಂದೆ ಯಾವ ವಾದವೂ ನಡೆಯಲಿಲ್ಲ. ಹೊರಡುವಾಗ ಒಂದು ಗಂಟು ಹಸಿಕಡಲೆ ಕೊಟ್ಟು ಕಳಿಸಿದರು.

ಟಂಟಂ ನಿಲ್ಲುವ ಜಾಗದವರೆಗೆ ಸೊಸೆ ಬಂದಳು. ದಾರಿಯಲ್ಲಿ ನಾನು ಕಂಪನಿಯವರನ್ನು ಮತ್ತೊಮ್ಮೆ ಬೈದೆ, ಸುಮ್ಮನೆ ಮಾತಿಗೆ. ಗಾಡಿ ಬರುವುದು ಕಂಡಾಗ ಅವಳು ನನ್ನ ಕೈಯಿಂದ ಕಡಲೆಯ ಗಂಟನ್ನು ತೆಗೆದುಕೊಂಡು ಸೀಟಿನ ಕೆಳಗೆ ಇಡಲು ಬಾಗಿದಳು. ಹಾಗೆ ಬಾಗಿಕೊಂಡೇ ಹೇಳಿದಳು.

“ಮೇಡಂ, ತಪ್ಪು ನಂದಾ ಅಂತ ಹೇಳಬೇಕಿತ್ರಿ. ಮೊದಲಿನ ಟೆಸ್ಟಿನ್ಯಾಗ ಕಮ್ಮಿ ಬಂದಾಗ ಅತ್ತಿ ಬೈದು ಬೈದು ಕಳಿಸಿದ್ರು, ಹೋಗು, ಬರೋಬ್ಬರಿ ಕಲ್ತು ಬಾ ಅಂತ. ಈಗೂ ಕಳಸ್ತಿದ್ರು. ನೀವು ನನಗ ಶಾಣ್ಯಾಕಿ ಅಂತ ಹೇಳಿ ಮನಿಯಾಗ ಕೂಡಿಸಿಬಿಟ್ರಿ.”